ಮೂಟೆ ಕಟ್ಟಿದ ಗಾಳಿ

ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ ಹಾಗೆ ಎಂದು ಕನ್ನಡದಲ್ಲಿ ಒಂದು ಮಾತುಂಟು. ಫಲವಿಲ್ಲದ ಕೆಲಸಕ್ಕೆ ಕೈಹಾಕಿ ದಣಿಯುವವರನ್ನು ಕಂಡು ಹಿರಿಯರು ಆಡುತ್ತಿದ್ದ ಮಾತು ಅದು. ಆದರೆ ಗಾಳಿಯನ್ನು ಗುದ್ದಿ, ಅದುಮಿ, ಮೊಳದುದ್ದವೂ ಇಲ್ಲದ ಲೋಹದ ಕೊಳವೆಯೊಂದರಲ್ಲಿ ಸೆರೆಹಿಡಿದು, ಅದರ ಬಲದಿಂದಲೇ ಪದಕಗಳನ್ನು ಗೆದ್ದು ತರುವವರು ಇಂದು ಇದ್ದಾರೆ. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರು ಗೆದ್ದ ಚಿನ್ನದ ಪದಕ ಒಲಿಂಪಿಕ್ ಕ್ರೀಡಾಕೂಟದಲ್ಲಿ ಭಾರತೀಯರೊಬ್ಬರು ವೈಯಕ್ತಿಕವಾಗಿ ಗಳಿಸಿದ ಮೊಟ್ಟಮೊದಲ ಚಿನ್ನ. ಅದು ಬಂದದ್ದು 10 ಮೀಟರು ಏರ್ ರೈಫಲ್ ಸ್ಪರ್ಧೆಯಲ್ಲಿ, ಎಂದರೆ ಗಾಳಿಬಂದೂಕಿನಿಂದ. 2012ರಲ್ಲಿ ಲಂಡನ್ನಿನಲ್ಲಿ ಗಗನ್ ನಾರಂಗ್ ಅವರ ಕಂಚು, 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಅವರ ಎರಡು ಕಂಚು (ಅದರಲ್ಲೊಂದು ಸರಬ್‌ಜೋತ್ ಸಿಂಗ್ ಅವರೊಡನೆ ಕೂಡಿ ಗಳಿಸಿದ್ದು) ಇವೆಲ್ಲ ಗಾಳಿಯ ಬಲದಿಂದಲೇ ಬಂದವು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು ಬೆಳ್ಳಿಯ ಪದಕ ಗೆದ್ದದ್ದೂ ಗಾಳಿ ಪಿಸ್ತೂಲಿನಲ್ಲಿಯೇ.

ಈ ಬಂದೂಕಿನಲ್ಲಿ ಮದ್ದಿಲ್ಲ, ಹೊಗೆಯಿಲ್ಲ, ಬೆಂಕಿಯಿಲ್ಲ. ನಾಲ್ಕೂವರೆ ಮಿಲಿಮೀಟರು ದಪ್ಪದ, ಸುಮಾರು ಅರ್ಧ ಗ್ರಾಂ ತೂಕದ ಸೀಸದ ಗುಂಡನ್ನು ಗಾಳಿಯ ಒಂದು ಉಸಿರು ಹತ್ತು ಮೀಟರಿನಾಚೆಗೆ ಒಯ್ಯುತ್ತದೆ. ಏರ್ ರೈಫಲ್ ಗುರಿಹಲಗೆಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು ಮಾತ್ರ. ಸಾಸಿವೆ ಕಾಳಿಗಿಂತಲೂ ಕಿರಿದು. ಅಲ್ಲಿಗೆ ಗುಂಡು ಮುಟ್ಟಬೇಕಾದರೆ ಅರವತ್ತು ಸಲ ಗುರಿಯಿಟ್ಟಾಗಲೂ ಅರವತ್ತು ಉಸಿರುಗಳು ಒಂದೇ ತೂಕದವಾಗಿರಬೇಕು. ಹಿಂದೆ ಇಂಗಾಲಾಮ್ಲದ ಅನಿಲವನ್ನು ತುಂಬಿದ ಬಂದೂಕುಗಳೂ ಸ್ಪರ್ಧೆಗಳಲ್ಲಿ ಬಳಕೆಯಲ್ಲಿದ್ದವು. ಆ ಅನಿಲದ ಒತ್ತಡ 20 ಡಿಗ್ರಿ ಉಷ್ಣತೆಯಲ್ಲಿ 57 ಬಾರ್ ಇದ್ದರೆ 30 ಡಿಗ್ರಿಯಲ್ಲಿ 72ಕ್ಕೆ ಏರುತ್ತದೆ. ಬೆಳಗಿನ ಗುರಿ ಮಧ್ಯಾಹ್ನಕ್ಕೆ ನಿಲ್ಲುವುದಿಲ್ಲ. ಅಂಥ ಚಂಚಲತೆ ಒಣಗಾಳಿಗೆ ಇಲ್ಲವಾದುದರಿಂದಲೇ ಅದು ಗೆದ್ದಿತು.

ಪದಕದ ದಿನ ಪತ್ರಿಕೆಗಳಲ್ಲಿ ಗುರಿಕಾರರ ಚಿತ್ರ ಬರುತ್ತದೆ. ಬಂದೂಕಿನ ಚಿತ್ರವೂ ಬರುತ್ತದೆ. ಆ ಗಾಳಿಯನ್ನು ತುಂಬಿಕೊಟ್ಟ ಯಂತ್ರದ ಚಿತ್ರ ಮಾತ್ರ ಎಲ್ಲಿಯೂ ಬರುವುದಿಲ್ಲ. ಗುರಿಮನೆಯ ಒಂದು ಮೂಲೆಯಲ್ಲಿ ಗಡಗಡನೆ ಸದ್ದುಮಾಡುತ್ತ ನಿಂತಿರುವ ಆ ಕಂಪ್ರೆಸರನ್ನು ಯಾರೂ ತಿರುಗಿ ನೋಡುವುದಿಲ್ಲ, ಅದು ಕೆಡುವವರೆಗೆ. ಈ ಅಲಕ್ಷ್ಯ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ.

ಪಂಪಿನಿಂದ ಸೋತ ಬಂದೂಕು

ಹದಿನೆಂಟನೆಯ ಶತಮಾನದ ಕೊನೆಯ ಭಾಗ. ಯೂರೋಪಿನ ಸೈನಿಕರು ಒಂದು ಗುಂಡು ಹಾರಿಸಿದ ಬಳಿಕ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ತುರುಕಿ, ಗಜದಿಂದ ಜಡಿದು, ಮತ್ತೆ ಗುರಿಯಿಡುತ್ತಿದ್ದ ಕಾಲ. ಅಂಥ ಕಾಲದಲ್ಲಿ ಆಸ್ಟ್ರಿಯಾ ದೇಶದ ಸೇನೆ ಬಾರ್ತಲೊಮಿಯಸ್ ಗಿರಾರ್ಡೋನಿ ಎಂಬ ಕುಶಲಿ ರಚಿಸಿದ ಗಾಳಿಬಂದೂಕೊಂದನ್ನು 1780ರ ಸುಮಾರಿಗೆ ಅಂಗೀಕರಿಸಿತು. ಅದರ ಹಿಡಿಯ ಭಾಗವೇ ಗಾಳಿಯ ಕೋಶ. ಪಕ್ಕದ ಕೊಳವೆಯಲ್ಲಿ ಇಪ್ಪತ್ತರಷ್ಟು ಗುಂಡುಗಳು. ಒಂದಾದ ಮೇಲೊಂದರಂತೆ, ಹೊಗೆಯಿಲ್ಲದೆ, ದೊಡ್ಡ ಸದ್ದಿಲ್ಲದೆ ಅವು ಹಾರುತ್ತಿದ್ದವು. ಮಳೆಯಲ್ಲಿ ನೆನೆದು ಕೆಡಲು ಮದ್ದೇ ಇಲ್ಲ! ಅಮೆರಿಕದ ಪಶ್ಚಿಮ ಪ್ರದೇಶವನ್ನು 1804ರಿಂದ 1806ರವರೆಗೆ ಅನ್ವೇಷಿಸಿದ ಲೂಯಿಸ್ ಮತ್ತು ಕ್ಲಾರ್ಕ್ ಎಂಬವರೂ ತಮ್ಮೊಡನೆ ಒಂದು ಗಾಳಿಬಂದೂಕನ್ನು ಒಯ್ದಿದ್ದರು. ಅದನ್ನು ಕಂಡ ಮೂಲನಿವಾಸಿಗಳು ಬೆರಗಾದರೆಂದು ಅವರ ದಿನಚರಿಗಳಿಂದ ತಿಳಿಯುತ್ತದೆ.

ಇಷ್ಟು ಗುಣವಂತವಾದ ಆಯುಧ ಏಕೆ ಉಳಿಯಲಿಲ್ಲ? ಬಂದೂಕಿನಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಗಾಳಿ ತುಂಬುವ ಬಗೆಯಲ್ಲಿ. ಒಂದು ಕೋಶ ತುಂಬಲು ಸೈನಿಕನು ಕೈಪಂಪನ್ನು ಸುಮಾರು 1500 ಸಲ ಒತ್ತಬೇಕಾಗಿತ್ತು. ಅಷ್ಟು ದಣಿದ ಮೇಲೆ ದೊರೆಯುತ್ತಿದ್ದುದು ಮೂವತ್ತರಷ್ಟು ಒಳ್ಳೆಯ ಗುಂಡುಗಳು. ಕೋಶದ ಬಾಯಿಯ ಚರ್ಮದ ಬಿಲ್ಲೆ ಒಣಗಿದರೆ ಗಾಳಿ ಸೋರುತ್ತಿತ್ತು. ತಗಡಿನ ಕೋಶಗಳನ್ನು ಬೆಸೆಯುವುದು, ದುರಸ್ತಿ ಮಾಡುವುದು ಎಲ್ಲ ಕಮ್ಮಾರರಿಗೂ ಒಗ್ಗುವ ಕೆಲಸವಾಗಿರಲಿಲ್ಲ. 1815ರ ಹೊತ್ತಿಗೆ ಆ ಬಂದೂಕು ಸೇನೆಯಿಂದ ಮರೆಯಾಯಿತು. ಬಂದೂಕು ಗೆದ್ದರೂ ಪಂಪು ಸೋತಿತೆಂಬುದೇ ಈ ಕಥೆಯ ಸಾರ. ಎರಡು ಶತಮಾನಗಳು ಕಳೆದರೂ ಈ ಸಾರ ಹಳತಾಗಿಲ್ಲ.

ಮೂಟೆಯ ತೂಕ

ಗಾಳಿಬಂದೂಕಿಗೆ ಬೇಕಾದ ಒತ್ತಡ ಎಷ್ಟೆಂಬುದನ್ನು ಮೊದಲು ಮನಗಾಣಬೇಕು. ಭೂಮಿಯ ಮೇಲಿನ ವಾಯುಮಂಡಲದ ಒತ್ತಡ ಸುಮಾರು ಒಂದು ಬಾರ್. ಕಾರಿನ ಗಾಲಿಯಲ್ಲಿ ತುಂಬುವುದು ಎರಡು ಬಾರಿನ ಆಸುಪಾಸು. ಪಂಕ್ಚರ್ ಅಂಗಡಿಯ ಕೆಂಪು ತೊಟ್ಟಿಯ ಯಂತ್ರ ಎಂಟು ಹತ್ತು ಬಾರ್ ಒತ್ತಡವನ್ನು ಕೊಡಬಲ್ಲದು. ಸ್ಪರ್ಧೆಯ ಗಾಳಿಬಂದೂಕಿನ ಸಿಲಿಂಡರಿಗೆ ಬೇಕಾದುದು ಸಾಮಾನ್ಯವಾಗಿ 200 ಬಾರ್. ಅದನ್ನು ತುಂಬುವ ದೊಡ್ಡ ಸಿಲಿಂಡರಿನಲ್ಲಿ ಇರುವುದು ಹಲವು ವೇಳೆ 300 ಬಾರ್. ಎಂದರೆ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ, ಒಂದು ಚದರ ಸೆಂಟಿಮೀಟರಿನಷ್ಟರ ಮೇಲೆ, ಕ್ವಿಂಟಾಲಿನ ಮೂರು ಮೂಟೆ ಅಕ್ಕಿಯನ್ನು ಒಂದರ ಮೇಲೊಂದು ಪೇರಿಸಿದಷ್ಟು ಭಾರ.

ಹತ್ತು ಲೀಟರಿನ ಸಿಲಿಂಡರೊಂದನ್ನು 300 ಬಾರಿಗೆ ತುಂಬಿದರೆ ಸ್ಥೂಲ ಲೆಕ್ಕದಲ್ಲಿ 3000 ಲೀಟರು ಗಾಳಿ ಅದರೊಳಗೆ ಮೂಟೆ ಕಟ್ಟಿಕೊಂಡು ಕುಳಿತಿರುತ್ತದೆ. ಆ ಗಾಳಿ ಒಮ್ಮೆಲೇ ಬಿಡುಗಡೆಯಾದರೆ ಹೊಮ್ಮುವ ಶಕ್ತಿ ಒಂದು ಟನ್ನು ಭಾರವನ್ನು ಸುಮಾರು ಅರವತ್ತು ಮೀಟರು ಎತ್ತರಕ್ಕೆ, ಇಪ್ಪತ್ತು ಅಂತಸ್ತಿನ ಕಟ್ಟಡದ ನೆತ್ತಿಗೆ, ಎತ್ತಲು ಸಾಕಾದೀತು. ಕಣ್ಣಿಗೆ ಕಾಣದ, ಬಣ್ಣವಿಲ್ಲದ, ವಾಸನೆಯಿಲ್ಲದ ವಸ್ತುವಿನಲ್ಲಿ ಇಷ್ಟು ಬಲ ಅಡಗಿದೆಯೆಂಬುದನ್ನು ಮರೆತವರಿಗೇ ಅಪಾಯ. ಈ ಮೂಟೆಯನ್ನು ಕಟ್ಟುವಾಗ ಎರಡು ಶತ್ರುಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ: ಒಂದು ಶಾಖ, ಇನ್ನೊಂದು ನೀರು. ಕಂಪ್ರೆಸರನ್ನು ಆರಿಸುವ ವಿವೇಕವೂ ಅದನ್ನು ಕಾಪಾಡುವ ಜಾಣ್ಮೆಯೂ ಈ ಎರಡನ್ನು ಅರಿಯುವುದರಲ್ಲಿಯೇ ಇದೆ.

ಮೊದಲ ಶತ್ರು: ಶಾಖ

ಸೈಕಲಿಗೆ ಗಾಳಿ ಹೊಡೆದವರೆಲ್ಲರಿಗೂ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಹೆಚ್ಚು ಅದುಮಿದಷ್ಟೂ ಹೆಚ್ಚು ಕಾಯುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1890ರ ದಶಕದಲ್ಲಿ ನಿರ್ಮಿಸಿದ ಎಂಜಿನಿನಲ್ಲಿ ಕಿಡಿಯಿಲ್ಲದೆಯೇ ಎಣ್ಣೆ ಹೊತ್ತಿಕೊಳ್ಳುವುದು ಈ ಶಾಖದಿಂದಲೇ.

30 ಡಿಗ್ರಿಯ ಗಾಳಿಯನ್ನು ಶಾಖ ಹೊರಹೋಗಲು ಬಿಡದೆ ಒಂದೇ ಏಟಿಗೆ 300 ಬಾರಿಗೆ ಅದುಮಿದರೆ ಲೆಕ್ಕದ ಪ್ರಕಾರ ಅದರ ಉಷ್ಣತೆ ಸಾವಿರ ಡಿಗ್ರಿಯನ್ನು ಮೀರುತ್ತದೆ. ಅಂಥ ಶಾಖದಲ್ಲಿ ಯಾವ ಎಣ್ಣೆ ಉಳಿದೀತು? ಯಾವ ರಬ್ಬರಿನ ರಿಂಗು ತಾಳೀತು? ಆದುದರಿಂದಲೇ ಈ ಯಂತ್ರಗಳು ಗಾಳಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಅದುಮುತ್ತವೆ. ಮೊದಲನೆಯ ದೊಡ್ಡ ಪಿಸ್ಟನ್ನು ಸ್ವಲ್ಪ ಒತ್ತಿ, ಆ ಬಿಸಿಗಾಳಿಯನ್ನು ಸುರುಳಿ ಕೊಳವೆಯೊಂದರಲ್ಲಿ ಹಾಯಿಸಿ ಆರಿಸಿ, ಎರಡನೆಯ ಚಿಕ್ಕ ಪಿಸ್ಟನ್ನಿಗೆ ಒಪ್ಪಿಸುತ್ತದೆ, ಅದು ಮುಂದಿನದಕ್ಕೆ. ಮೆಟ್ಟಿಲುಗಳೆಲ್ಲ ಸಮನಾಗಿದ್ದು, ನಡುನಡುವೆ ಗಾಳಿ ಪೂರ್ಣವಾಗಿ ಆರಿದರೆ, ಎರಡು ಮೆಟ್ಟಿಲಿನ ಯಂತ್ರದಲ್ಲಿ ಉಷ್ಣತೆ ಸುಮಾರು 400 ಡಿಗ್ರಿಗೆ ಏರುತ್ತದೆ; ಮೂರು ಮೆಟ್ಟಿಲಿನದರಲ್ಲಿ 240ಕ್ಕೆ; ನಾಲ್ಕು ಮೆಟ್ಟಿಲಿನದರಲ್ಲಿ 180ಕ್ಕೆ. ಗಾಳಿಯ ಶಾಖವನ್ನು ಸಿಲಿಂಡರಿನ ಗೋಡೆಗಳು ಹೀರುವುದರಿಂದ ಬಳಕೆಯಲ್ಲಿ ಇದು ಇನ್ನಷ್ಟು ಇಳಿಯುತ್ತದೆ. ಆದರೂ ಅಗ್ಗದ ಎರಡು ಮೆಟ್ಟಿಲಿನ ಯಂತ್ರ ಬೇಗನೆ ಬಳಲುವುದೇಕೆ, ನಾಲ್ಕು ಮೆಟ್ಟಿಲಿನದು ಗಂಟೆಗಟ್ಟಲೆ ದುಡಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಈ ಅಂಕಿಗಳಲ್ಲಿಯೇ ಇದೆ.

ಎರಡನೆಯ ಶತ್ರು: ನೀರು

ಶಾಖ ಕೈಗೆ ತಾಗುತ್ತದೆ, ನೀರು ಹಾಗಲ್ಲ. ಅದು ಗಾಳಿಯೊಡನೆ ಬೆರೆತು ಆವಿಯಾಗಿ ಕಳ್ಳನಂತೆ ಒಳಗೆ ನುಗ್ಗುತ್ತದೆ. ಮಂಗಳೂರಿನ ಮಳೆಗಾಲದ ಒಂದು ದಿನ ಉಷ್ಣತೆ 27 ಡಿಗ್ರಿ, ಆರ್ದ್ರತೆ ನೂರಕ್ಕೆ ತೊಂಬತ್ತು ಎಂದಿಟ್ಟುಕೊಂಡರೆ, ಒಂದು ಘನ ಮೀಟರು ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿರುತ್ತದೆ. ಹತ್ತು ಲೀಟರಿನ ಸಿಲಿಂಡರನ್ನು 300 ಬಾರಿಗೆ ತುಂಬಲು ಮೂರು ಘನ ಮೀಟರು ಗಾಳಿ ಬೇಕು. ಅದರೊಡನೆ ಬರುವ ನೀರು ಸುಮಾರು 70 ಗ್ರಾಂ, ಸಣ್ಣ ಕಾಫಿ ಲೋಟದ ಮುಕ್ಕಾಲು ಪಾಲು. ವಿಜಯಪುರದ ಬೇಸಗೆಯ ಮಧ್ಯಾಹ್ನ, 40 ಡಿಗ್ರಿ ಬಿಸಿಲಿನಲ್ಲಿ, ಆರ್ದ್ರತೆ ನೂರಕ್ಕೆ ಇಪ್ಪತ್ತಿದ್ದರೂ ಸುಮಾರು 30 ಗ್ರಾಂ ನೀರು ಬಂದೇ ಬರುತ್ತದೆ. ಬಿಸಿಲು ನಾಡಿನಲ್ಲಿ ಈ ಚಿಂತೆಯೇ ಇಲ್ಲವೆಂದು ಭಾವಿಸುವುದು ತಪ್ಪು.

ಅದುಮಿ ಹತ್ತು ಲೀಟರಿಗೆ ಇಳಿಸಿದ ಗಾಳಿ ತಣ್ಣಗಾದಾಗ ಒಂದು ಗ್ರಾಮಿನಷ್ಟು ಆವಿಯನ್ನು ಕೂಡ ತನ್ನಲ್ಲಿ ಇಟ್ಟುಕೊಳ್ಳಲಾರದು. ಉಳಿದುದೆಲ್ಲ ನೀರಾಗಿ ಇಳಿಯಲೇಬೇಕು. ಒದ್ದೆ ಬಟ್ಟೆಯನ್ನು ಹಿಂಡಿದಂತೆ ಯಂತ್ರವು ಗಾಳಿಯನ್ನು ಹಿಂಡುತ್ತದೆ. ಆ ನೀರು ಯಂತ್ರದಿಂದಾಚೆಗೆ ಹೋಗಬೇಕೇ, ಸಿಲಿಂಡರಿನೊಳಕ್ಕೆ ಹೋಗಬೇಕೇ ಎಂಬುದನ್ನು ನಿರ್ಣಯಿಸುವುದು ಯಂತ್ರವನ್ನು ನಡೆಸುವವರ ಕೈ. ಸಿಲಿಂಡರಿನೊಳಗೆ ಸೇರಿದರೆ ಉಕ್ಕಿನ ಗೋಡೆ ಒಳಗಿನಿಂದ ತುಕ್ಕು ಹಿಡಿದು ತೆಳುವಾಗುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಬಂದೂಕಿನೊಳಗೆ ಸೇರಿದರೆ, ಒತ್ತಡವನ್ನು ಹದಕ್ಕೆ ತರುವ ನವಿರಾದ ಭಾಗಗಳು ಕೆಟ್ಟು ಗುಂಡಿನ ವೇಗ ಏರುಪೇರಾಗುತ್ತದೆ. ಗುರಿಕಾರನು ತನ್ನ ಕೈಯನ್ನೂ ಕಣ್ಣನ್ನೂ ಹಳಿದುಕೊಳ್ಳುತ್ತಾನೆ. ತಪ್ಪು ಮಾತ್ರ ಮೂಲೆಯ ಯಂತ್ರದಲ್ಲಿರುತ್ತದೆ.

ಆರಿಸುವ ಮುನ್ನ ಲೆಕ್ಕ

ಯಂತ್ರ ಕೊಳ್ಳಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಬೆಲೆ. ಎರಡನೆಯದು ಎಷ್ಟು ಬೇಗ ತುಂಬುತ್ತದೆಂಬುದು. ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ: ದಿನಕ್ಕೆ ಎಷ್ಟು ಗಾಳಿ ಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಬಂದೂಕಿನ ಸಿಲಿಂಡರು 200 ಮಿಲಿಲೀಟರಿನದಾಗಿದ್ದು, ದಿನದ ಅಭ್ಯಾಸದಲ್ಲಿ ಒತ್ತಡ 200ರಿಂದ 100 ಬಾರಿಗೆ ಇಳಿಯಿತೆಂದು ಭಾವಿಸಬಹುದು. ಅದನ್ನು ಮತ್ತೆ ತುಂಬಲು ಬೇಕಾದ ಗಾಳಿ 20 ಲೀಟರು ಮಾತ್ರ! ಒಬ್ಬನೇ ಅಭ್ಯಾಸಿಗೆ ಇದಕ್ಕಾಗಿ ದೊಡ್ಡ ಯಂತ್ರದ ಅಗತ್ಯವೇ ಇಲ್ಲ. ಮೂರು ಮೆಟ್ಟಿಲಿನ ಒಳ್ಳೆಯ ಕೈಪಂಪೊಂದು ಸಾಕು. ಹತ್ತು ನಿಮಿಷದ ಬೆವರು ದೇಹಕ್ಕೂ ಹಿತ. ಆದರೆ ಕೈಪಂಪಿಗೂ ಶಾಖ, ನೀರುಗಳ ಕಾಟ ತಪ್ಪಿದ್ದಲ್ಲ. ನಡುನಡುವೆ ನಿಲ್ಲಿಸಿ, ಆರಲು ಬಿಟ್ಟು, ತೇವವನ್ನು ಹೊರಬಿಟ್ಟು ಮುಂದುವರಿಯಬೇಕು.

ತಾಲ್ಲೂಕು ಊರೊಂದರಲ್ಲಿ ಹನ್ನೆರಡು ಹುಡುಗ ಹುಡುಗಿಯರು ಅಭ್ಯಾಸ ಮಾಡುವ ಕೂಟವಿದೆಯೆನ್ನೋಣ. ಅವರಿಗೆ ದಿನಕ್ಕೆ ಬೇಕಾದುದು 240 ಲೀಟರು. 300 ಬಾರಿಗೆ ತುಂಬಿದ ಹತ್ತು ಲೀಟರಿನ ಸಿಲಿಂಡರೊಂದಿದ್ದರೆ, ಅದು 200 ಬಾರಿಗೆ ಇಳಿಯುವವರೆಗೆ ಸುಮಾರು 1000 ಲೀಟರು ಗಾಳಿ ಕೊಡುತ್ತದೆ. ನಾಲ್ಕು ದಿನಗಳ ಖರ್ಚು ಸಾಗುತ್ತದೆ. ಅದಕ್ಕೂ ಕೆಳಗಿಳಿದ ಮೇಲೆ ಬಂದೂಕುಗಳನ್ನು ಪೂರ್ತಿ ತುಂಬಲಾಗದು. ಆ 1000 ಲೀಟರನ್ನು ಮರಳಿ ತುಂಬಲು ನಿಮಿಷಕ್ಕೆ 100 ಲೀಟರು ಕೊಡುವ ಯಂತ್ರಕ್ಕೆ ಹತ್ತು ನಿಮಿಷ ಹಿಡಿದರೆ 30 ಲೀಟರಿನದಕ್ಕೆ ಅರ್ಧ ಗಂಟೆಯ ಮೇಲೆ ಹಿಡಿಯುತ್ತದೆ. ಇಷ್ಟು ಲೆಕ್ಕ ಕೈಯಲ್ಲಿದ್ದರೆ ಅಂಗಡಿಯ ಮಾತಿಗೆ ಮರುಳಾಗುವ ಭಯವಿಲ್ಲ. ಹತ್ತಿರದಲ್ಲಿ ಮುಳುಗುಗಾರರ ಸಿಲಿಂಡರುಗಳನ್ನು ತುಂಬುವವರು ಇದ್ದರಂತೂ, ಯಂತ್ರವನ್ನೇ ಕೊಳ್ಳದೆ ಸಿಲಿಂಡರನ್ನು ಮಾತ್ರ ಕೊಂಡು ತುಂಬಿಸಿ ತರುವುದು ಜಾಣತನ.

ಪೇಟೆಯಲ್ಲಿ ಸಿಗುವ ವಿದ್ಯುತ್ ಯಂತ್ರಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಕಾರಿನ ಬ್ಯಾಟರಿಯಿಂದಲೂ ನಡೆಯುವ ಕೈಚೀಲದಷ್ಟು ಗಾತ್ರದವು ಮೊದಲನೆಯ ಬಗೆ. ಅವು ಬಂದೂಕನ್ನು ನೇರವಾಗಿ ತುಂಬಲು ಮಾತ್ರ ತಕ್ಕವು. ಕೆಲವು ನಿಮಿಷ ನಡೆದು, ಅದಕ್ಕಿಂತ ಹೆಚ್ಚು ಹೊತ್ತು ವಿಶ್ರಮಿಸಬೇಕಾದ ಅವುಗಳಿಗೆ ಹತ್ತು ಲೀಟರಿನ ಸಿಲಿಂಡರನ್ನು ಹೊರಿಸುವುದು ಕರುವಿಗೆ ನೇಗಿಲು ಕಟ್ಟಿದಂತೆ. ನೀರಿನಿಂದ ತಣ್ಣಗಾಗುವ ಎರಡು ಮೆಟ್ಟಿಲಿನ ಮೇಜುಯಂತ್ರಗಳು ಎರಡನೆಯ ಬಗೆ. ಬೆಲೆಗೆ ತಕ್ಕ ಫಲ ಕೊಡುವ ಇವು ಸಣ್ಣ ಸಿಲಿಂಡರುಗಳಿಗೆ ಒಗ್ಗುತ್ತವೆ. ಆದರೆ ಒಡೆಯನ ಗಮನವನ್ನು ಸದಾ ಬೇಡುತ್ತವೆ. ಮೂರು ನಾಲ್ಕು ಮೆಟ್ಟಿಲುಗಳ, ಮುಳುಗುಗಾರರಿಗೂ ಅಗ್ನಿಶಾಮಕ ದಳದವರಿಗೂ ಉಸಿರಾಟದ ಗಾಳಿ ತುಂಬಲು ನಿರ್ಮಿಸಿದ ಯಂತ್ರಗಳು ಮೂರನೆಯ ಬಗೆ. ಬೆಲೆ ಹಲವು ಪಟ್ಟು, ಬಾಳಿಕೆಯೂ ಅಂತೆಯೇ.

ಯಾವ ಬಗೆಯನ್ನು ಆರಿಸಿದರೂ ಕೆಲವು ಮಾತುಗಳನ್ನು ಮಾರುವವರಿಂದ ಸ್ಪಷ್ಟವಾಗಿ ಕೇಳಿ ತಿಳಿಯಬೇಕು. ನಿಮಿಷಕ್ಕೆ ಇಷ್ಟು ಲೀಟರೆಂದು ಬರೆದಿರುವುದು ಯಂತ್ರ ಹೀರುವ ಗಾಳಿಯೋ, ಸಿಲಿಂಡರಿಗೆ ನಿಜವಾಗಿ ಸೇರುವ ಗಾಳಿಯೋ? ಮೊದಲನೆಯದು ಯಾವಾಗಲೂ ದೊಡ್ಡ ಸಂಖ್ಯೆ. ನಿಲ್ಲಿಸದೆ ಎಷ್ಟು ಹೊತ್ತು ನಡೆಯಬಲ್ಲದು? ಒತ್ತಡ ಮುಟ್ಟಿದೊಡನೆ ತಾನಾಗಿ ನಿಲ್ಲುವ ಏರ್ಪಾಟಿದೆಯೇ? ಉಷ್ಣತೆ ತೋರುವ ಮಾಪಕವಿದೆಯೇ? ಪಿಸ್ಟನ್ನಿನ ರಿಂಗು, ಓ-ರಿಂಗು, ರಕ್ಷಣೆಯ ಬಿಲ್ಲೆ ಇವು ಊರಿನಲ್ಲಿ, ಇಲ್ಲವೆ ವಾರದೊಳಗೆ ಅಂಚೆಯಲ್ಲಿ, ದೊರೆಯುತ್ತವೆಯೇ? ಕೊನೆಯ ಪ್ರಶ್ನೆಗೆ ತಡವರಿಸುವ ಅಂಗಡಿಯಿಂದ ಬರಿಗೈಯಲ್ಲಿ ಮರಳುವುದೇ ಲೇಸು. ಇನ್ನು ವಿದ್ಯುತ್ತಿನ ಮಾತು. 1800 ವ್ಯಾಟಿನ ಮೋಟಾರು 230 ವೋಲ್ಟಿನಲ್ಲಿ ಸುಮಾರು ಎಂಟು ಆಂಪಿಯರ್ ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಇನ್ನೂ ಹೆಚ್ಚು. ಫ್ಯಾನಿಗೆ ಹಾಕಿದ ತೆಳು ತಂತಿಯಿಂದ ಇದನ್ನು ನಡೆಸಿದರೆ ತಂತಿಯೂ ಸುಡುತ್ತದೆ, ವೋಲ್ಟೇಜು ಕುಸಿದು ಮೋಟಾರೂ ಸುಡುತ್ತದೆ. ಪವರ್ ಪ್ಲಗ್ಗು, ದಪ್ಪ ತಂತಿ, ಸರಿಯಾದ ಅರ್ಥಿಂಗು ಯಂತ್ರಕ್ಕಿಂತ ಮೊದಲೇ ಸಿದ್ಧವಿರಬೇಕು.

ಪಾಲನೆ ಎಂಬ ನಿತ್ಯವ್ರತ

ಹಸುವನ್ನು ಕೊಳ್ಳುವುದು ಒಂದು ದಿನದ ಕೆಲಸ. ಸಾಕುವುದು ದಿನದಿನದ ಕೆಲಸ. ಕಂಪ್ರೆಸರಿನ ಮಾತೂ ಇದೇ.

ಯಂತ್ರ ನಿಲ್ಲುವ ಜಾಗ ನೆರಳಿನಲ್ಲಿರಬೇಕು, ಗಾಳಿಯಾಡುತ್ತಿರಬೇಕು. ಅಡಿಗೆಮನೆಯ ಒಗ್ಗರಣೆಯ ಹೊಗೆ, ಜನರೇಟರಿನ ಹೊಗೆ, ರಸ್ತೆಯ ಧೂಳು ಇವುಗಳನ್ನು ಹೀರುವ ಯಂತ್ರ ಅವುಗಳನ್ನೇ ಮುನ್ನೂರು ಪಟ್ಟು ಸಾಂದ್ರಗೊಳಿಸುತ್ತದೆ. ನೀರಿನಿಂದ ತಣ್ಣಗಾಗುವ ಯಂತ್ರವಾದರೆ, ಗುಂಡಿ ಒತ್ತುವ ಮೊದಲೇ ನೀರು ಹರಿಯುತ್ತಿದೆಯೆಂದು ಕಣ್ಣಾರೆ ನೋಡಬೇಕು. ಕೊಳವೆಬಾವಿಯ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟಿ ಶಾಖ ಹೊರಹೋಗದಂತೆ ಮಾಡುತ್ತದೆ. ಆದುದರಿಂದ ಬಟ್ಟಿಯಿಳಿಸಿದ ನೀರನ್ನೇ ಬಳಸಿ, ಪಾಚಿ ಕಟ್ಟುವ ಮುನ್ನ ಬದಲಿಸಬೇಕು.

ಎಣ್ಣೆಯ ವಿಷಯದಲ್ಲಿ ಜಿಪುಣತನ ಸಲ್ಲದು. ಮೋಟಾರು ಸೈಕಲಿಗೆ ತಂದು ಉಳಿದ ಎಣ್ಣೆಯನ್ನು ಇದಕ್ಕೆ ಸುರಿಯುವವರಿದ್ದಾರೆ. ಅದು ಬಿಸಿಗೆ ಸುಟ್ಟು ಕವಾಟಗಳ ಮೇಲೆ ಕಾಡಿಗೆಯಾಗಿ ಕೂರುತ್ತದೆ. ಕವಾಟ ಮುಚ್ಚಲಾರದೆ ಗಾಳಿ ಹಿಂದಕ್ಕೆ ಹರಿಯುತ್ತದೆ. ಯಂತ್ರ ಇನ್ನಷ್ಟು ಕಾಯುತ್ತದೆ. ತಯಾರಕರು ಹೇಳಿದ ಕಂಪ್ರೆಸರ್ ಎಣ್ಣೆಯನ್ನು ಅವರು ಹೇಳಿದ ಮಟ್ಟಕ್ಕೆ ಹಾಕಬೇಕು. ಹೊಸ ಯಂತ್ರದ ಲೋಹದ ಪುಡಿ ಮೊದಲ ಎಣ್ಣೆಯಲ್ಲಿ ಬೆರೆಯುವುದರಿಂದ ಅದನ್ನು ಕೆಲವೇ ಗಂಟೆಗಳ ಬಳಿಕ ಚೆಲ್ಲಿ ಹೊಸದನ್ನು ಹಾಕುವುದು ಒಳ್ಳೆಯ ರೂಢಿ. ಬಂದೂಕಿನ ಗಾಳಿಯ ದಾರಿಯಲ್ಲಂತೂ ಖನಿಜ ತೈಲದ ಹನಿಯನ್ನೂ ಸೋಕಿಸಬಾರದು. ತಯಾರಕರು ಒಪ್ಪಿದ ಸಿಲಿಕೋನ್ ಜಿಡ್ಡು ಮಾತ್ರ ಅಲ್ಲಿಗೆ ಸಲ್ಲತಕ್ಕದ್ದು.

ಯಂತ್ರ ನಡೆಯುತ್ತಿರುವಾಗ ಐದಾರು ನಿಮಿಷಕ್ಕೊಮ್ಮೆ ತೇವ ಬಿಡುವ ತಿರುಪನ್ನು ಮೆಲ್ಲನೆ ಸಡಿಲಿಸಬೇಕು. ಬಿಳಿಯ ಮಂಜಿನಂತೆ ನೀರೂ ಎಣ್ಣೆಯೂ ಹೊರಚಿಮ್ಮುತ್ತವೆ. ಇಷ್ಟು ಸಣ್ಣ ಕೆಲಸವನ್ನು ತಪ್ಪದೆ ಮಾಡಿದವರ ಸಿಲಿಂಡರು ಎಷ್ಟೋ ಮಟ್ಟಿಗೆ ಸುರಕ್ಷಿತ. ಇಲ್ಲಿಯೂ ತಪ್ಪಿಸಿಕೊಂಡ ಆವಿಯನ್ನು ಹಿಡಿಯುವುದು ಶೋಧಕದ ಪಾಲು. ಅದರಲ್ಲಿ ನೀರನ್ನು ಹೀರುವ ಹರಳುಗಳು ಮೊದಲು, ಎಣ್ಣೆಯ ವಾಸನೆಯನ್ನು ಹೀರುವ ಇದ್ದಿಲು ಆ ಬಳಿಕ ಇರಬೇಕು. ಕ್ರಮ ತಪ್ಪಿದರೆ ಇದ್ದಿಲು ನೀರು ಕುಡಿದು ನಿರುಪಯೋಗಿಯಾಗುತ್ತದೆ. ನೀಲಿಯ ಸಿಲಿಕಾ ಹರಳುಗಳಾದರೆ ತುಂಬಿದಾಗ ನಸುಗೆಂಪಾಗಿ ತಾವೇ ಹೇಳುತ್ತವೆ. ಬಣ್ಣ ಬದಲಾಗದ ಹರಳುಗಳಿಗೆ ಗಂಟೆಯ ಲೆಕ್ಕವೇ ಗತಿ. ಮಳೆಗಾಲದಲ್ಲಿ ಕರಾವಳಿಯ ಶೋಧಕ ಬಯಲುಸೀಮೆಯ ಬೇಸಗೆಯ ಶೋಧಕಕ್ಕಿಂತ ಎರಡು ಪಟ್ಟು ಬೇಗ ದಣಿಯುತ್ತದೆಂಬುದನ್ನು ಮೇಲಿನ ಲೆಕ್ಕವೇ ತೋರಿಸಿದೆ. ಒಳ್ಳೆಯ ಯಂತ್ರಗಳಲ್ಲಿ ಒತ್ತಡ ಕಾಯುವ ಕವಾಟವೊಂದಿರುತ್ತದೆ. ಶೋಧಕದೊಳಗೆ ಸಾಕಷ್ಟು ಒತ್ತಡ ಕೂಡುವವರೆಗೆ ಅದು ಗಾಳಿಯನ್ನು ಮುಂದೆ ಬಿಡುವುದಿಲ್ಲ. ಹೆಚ್ಚು ಅದುಮಿದ ಗಾಳಿ ಹೆಚ್ಚು ನೀರನ್ನು ಬಿಟ್ಟುಕೊಡುವುದರಿಂದ, ಮೊದಲ ಉಸಿರಿನಿಂದಲೇ ಒಣಗಾಳಿ ದೊರೆಯುತ್ತದೆ.

ತುಂಬುವಾಗ ಆತುರ ಬೇಡ. ವೇಗವಾಗಿ ತುಂಬಿದ ಸಿಲಿಂಡರು ಬಿಸಿಯಾಗಿ ಮಾಪಕದಲ್ಲಿ 200 ತೋರಿಸುತ್ತದೆ. ಅರ್ಧ ಗಂಟೆಯಲ್ಲಿ ಆರಿದ ಮೇಲೆ ಅದೇ ಮಾಪಕ ಕೆಳಗಿಳಿದಿರುತ್ತದೆ. ಯಾರೋ ಗಾಳಿ ಕದ್ದರೆಂದು ಹುಡುಕುವುದು ಬೇಕಿಲ್ಲ, ಕದ್ದದ್ದು ಅವಸರ. ತಾಳಿದವನು ಬಾಳಿಯಾನು.

ಹುಡುಗಾಟವಲ್ಲ

ಕೆಲವು ತಪ್ಪುಗಳಿಗೆ ಎರಡನೆಯ ಅವಕಾಶವಿಲ್ಲ. ಗಾಳಿಯಿಲ್ಲದಾಗ ಬೆಸುಗೆ ಅಂಗಡಿಯ ಆಮ್ಲಜನಕದ ಸಿಲಿಂಡರಿನಿಂದ ಬಂದೂಕು ತುಂಬಿದರೇನೆಂಬ ಯೋಚನೆ ಕೆಲವರಿಗೆ ಬರುವುದುಂಟು. ಅಧಿಕ ಒತ್ತಡದ ಆಮ್ಲಜನಕಕ್ಕೆ ಜಿಡ್ಡಿನ ಒಂದು ಕಣ ಸಿಕ್ಕರೂ ಸ್ಫೋಟವಾಗಬಲ್ಲದು. ಬಂದೂಕಿಗೆ ಸಲ್ಲುವುದು ಶುದ್ಧವಾದ ಒಣಗಾಳಿ. ಬೇರೆ ಅನಿಲದ ಮಾತೇ ಬೇಡ. ಹಾಗೆಯೇ, ಬಂದೂಕಿಗಾಗಿ ಸಾಧಾರಣ ಯಂತ್ರದಲ್ಲಿ ತುಂಬಿದ ಗಾಳಿಯನ್ನು ಮುಳುಗಲು ಹೋಗುವವರು ಉಸಿರಾಡಬಾರದು. ಬಂದೂಕು ಸಹಿಸುವ ಎಣ್ಣೆಯ ಆವಿಯನ್ನೂ ಹೊಗೆಯನ್ನೂ ಶ್ವಾಸಕೋಶ ಸಹಿಸದು.

ಯಂತ್ರದ ರಕ್ಷಣೆಯ ಬಿಲ್ಲೆ ತೆಳುವಾದ ಲೋಹದ ಒಂದು ತಗಡು. ಒತ್ತಡ ಮಿತಿಮೀರಿದಾಗ ಅದು ಒಡೆದು, ಉಳಿದುದೆಲ್ಲವನ್ನೂ ಉಳಿಸುತ್ತದೆ. ಫ್ಯೂಸ್ ಹೋದಲ್ಲಿ ದಪ್ಪ ತಂತಿ ಸುತ್ತುವ ಅಭ್ಯಾಸದವರು ಇದರ ಸ್ಥಳದಲ್ಲಿ ನಾಣ್ಯವನ್ನೋ ದಪ್ಪ ತಗಡನ್ನೋ ಇಡಲು ಹೋದರೆ ಕಾವಲುಗಾರನನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆರೆದಂತಾಗುತ್ತದೆ. ಒಡೆದ ಬಿಲ್ಲೆಗೆ ಅದೇ ಅಳತೆಯ ಹೊಸ ಬಿಲ್ಲೆಯೇ ಉತ್ತರ. 200 ಬಾರಿನ ಸಿಲಿಂಡರನ್ನು ಯಾವುದೋ ತಿರುಪಿನ ತುಂಡಿನ ಸಹಾಯದಿಂದ 300 ಬಾರಿನ ದಾರಿಗೆ ಜೋಡಿಸುವುದೂ ಇಂಥದೇ ಅವಿವೇಕ. ಒತ್ತಡವಿರುವಾಗ ಯಾವ ಜೋಡಣೆಯನ್ನೂ ಬಿಗಿಯಬಾರದು, ಬಿಚ್ಚಬಾರದು. ಮೊದಲು ಕೊಳವೆಯ ಗಾಳಿಯನ್ನು ಹೊರಬಿಡಬೇಕು. ಸೋರುತ್ತಿರುವ ಜಾಗವನ್ನು ಬೆರಳಿನಿಂದ ತಡಕಬಾರದು. ಸೂಜಿಮೊನೆಯಂಥ ಆ ಗಾಳಿ ಚರ್ಮವನ್ನು ಸೀಳಿ ಒಳನುಗ್ಗಬಲ್ಲದು. ಸಾಬೂನಿನ ನೊರೆ ಸವರಿದರೆ ಗುಳ್ಳೆ ಎದ್ದು ತೋರಿಸುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇವು ಅಲಂಕಾರಗಳಲ್ಲ.

ಸಿಲಿಂಡರುಗಳ ಆಯುಷ್ಯಕ್ಕೆ ಕಾನೂನಿನ ಕಣ್ಣೂ ಇದೆ. ಭಾರತದಲ್ಲಿ ಒತ್ತಡದ ಸಿಲಿಂಡರುಗಳು 1884ರ ಸ್ಫೋಟಕಗಳ ಅಧಿನಿಯಮದ ಕೆಳಗೆ ರಚಿತವಾದ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿಗೆ ಒಳಪಟ್ಟಿವೆ. ಉಕ್ಕಿನ ದೊಡ್ಡ ಸಿಲಿಂಡರುಗಳನ್ನು ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದಿಂದ ಪರೀಕ್ಷಿಸಿ, ತಾರೀಖನ್ನು ಅದರ ಹೆಗಲ ಮೇಲೆ ಅಚ್ಚೊತ್ತುತ್ತಾರೆ. ಆ ಅಚ್ಚು ಇಲ್ಲದ, ಅಳಿಸಿಹೋದ, ಹಳತಾದ ಸಿಲಿಂಡರು ಎಷ್ಟೇ ಅಗ್ಗವಾದರೂ ತ್ಯಾಜ್ಯ. ಬಂದೂಕಿನ ಸಿಲಿಂಡರಿನ ಮೇಲೂ ತಾರೀಖಿರುತ್ತದೆ. ಹೆಚ್ಚಿನವುಗಳಿಗೆ ತಯಾರಕರು ವಿಧಿಸುವ ಅವಧಿ ಹತ್ತು ವರ್ಷ. ಅಂತರರಾಷ್ಟ್ರೀಯ ಗುರಿಕ್ರೀಡೆಯ ನಿಯಮದಲ್ಲಿ, ಸಿಲಿಂಡರಿನ ಅವಧಿ ಮುಗಿದಿಲ್ಲವೆಂಬುದನ್ನು ನೋಡಿಕೊಳ್ಳುವ ಹೊಣೆಯನ್ನು ಕ್ರೀಡಾಪಟುವಿನ ಮೇಲೆಯೇ ಹೊರಿಸಲಾಗಿದೆ.

ಕೂಟದ ಯಂತ್ರಕ್ಕೆ ಇನ್ನೊಂದು ಕಷ್ಟವಿದೆ. ಎಲ್ಲರದ್ದಾದ ವಸ್ತು ಯಾರದ್ದೂ ಆಗುವುದಿಲ್ಲ. ಹನ್ನೆರಡು ಕೈಗಳು ಗುಂಡಿ ಒತ್ತಿದಾಗ ಎಣ್ಣೆ ನೋಡುವ ಕಣ್ಣು ಒಂದೂ ಉಳಿಯುವುದಿಲ್ಲ. ಆದುದರಿಂದ ಯಂತ್ರದ ಕೀಲಿಕೈ ಒಬ್ಬರ ಬಳಿ ಇರಬೇಕು. ಅವರಿಗೆ ತಿಳಿಯದೆ ಯಂತ್ರ ನಡೆಯಕೂಡದು. ಪಕ್ಕದ ಗೋಡೆಗೆ ದಾರ ಕಟ್ಟಿದ ಪೆನ್ಸಿಲ್ಲು ಮತ್ತು ಒಂದು ಟಿಪ್ಪಣಿ ಪುಸ್ತಕ ತೂಗುತ್ತಿರಬೇಕು. ಯಾವ ದಿನ, ಎಷ್ಟು ನಿಮಿಷ, ಎಷ್ಟು ಬಾರಿನಿಂದ ಎಷ್ಟಕ್ಕೆ, ಎಣ್ಣೆ ಬದಲಿಸಿದ್ದು ಎಂದು, ಹರಳು ಬದಲಿಸಿದ್ದು ಎಂದು: ಐದು ಅಂಕಣಗಳು ಸಾಕು. ನಿನ್ನೆ ಹತ್ತು ನಿಮಿಷಕ್ಕೆ ತುಂಬಿದ್ದು ಇಂದು ಹದಿನಾಲ್ಕು ನಿಮಿಷ ತೆಗೆದುಕೊಂಡರೆ, ರಿಂಗು ಸವೆದಿದೆಯೆಂದೋ ಕವಾಟ ಕೊಳೆಯಾಗಿದೆಯೆಂದೋ ಆ ಪುಸ್ತಕವೇ ಹೇಳಿಬಿಡುತ್ತದೆ, ಯಂತ್ರ ಕೆಟ್ಟು ನಿಲ್ಲುವುದಕ್ಕೆ ವಾರಗಳ ಮೊದಲು. ಆಸ್ಟ್ರಿಯಾದ ಸೈನಿಕನಿಗೆ 1500 ಸಲ ಒತ್ತಿ ದೊರೆಯುತ್ತಿದ್ದ ಗಾಳಿಗಿಂತ ಎಷ್ಟೋ ಹೆಚ್ಚಿನದು ಇಂದಿನ ಹುಡುಗಿಯೊಬ್ಬಳಿಗೆ ಒಂದು ಗುಂಡಿ ಒತ್ತಿದರೆ ದೊರೆಯುತ್ತದೆ. ಅದಕ್ಕೆ ಪ್ರತಿಯಾಗಿ ಯಂತ್ರ ಅವಳಿಂದ ಕೇಳುವುದು ದಿನಕ್ಕೆ ಒಂದು ಸಾಲು ಬರೆಹ.